ಹುಳಿ ಮಣ್ಣಿನಲ್ಲಿ ಗಿನಿ ಹುಲ್ಲಿನ ಜೊತೆ ಕುದುರೆ ಮೆಂತೆ

ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಗಿನಿ ಹುಲ್ಲು ಚೆನ್ನಾಗಿಯೇ ಬರುತ್ತದೆ. ಅದರ ಸಾಲುಗಳ ನಡುವೆ ಬಿತ್ತಿದ ಕುದುರೆ ಮೆಂತೆ (ಲೂಸರ್ನ್ ಎಂಬ ದ್ವಿದಳ ಮೇವು) ಮಾತ್ರ ನಾಲ್ಕು ಎಲೆಯಾಗುವಷ್ಟರಲ್ಲಿ ಹಳದಿ ತಿರುಗಿ ನಿಂತುಬಿಡುತ್ತದೆ. ಆಗ ಯೂರಿಯಾ ಎರಚಬೇಡಿ. ಯೂರಿಯಾ ಉಂಡ ಹುಲ್ಲು ಮೇಲೆದ್ದು ಮೆಂತೆಗೆ ನೆರಳು ಕವಿಯುತ್ತದೆ, ಮೂಲ ತೊಂದರೆ ಹಾಗೇ ಉಳಿಯುತ್ತದೆ.

ತೊಂದರೆ ಇರುವುದು ಮಣ್ಣಿನ ರಸಸಾರದಲ್ಲಿ (pH; 7ಕ್ಕಿಂತ ಕಡಿಮೆಯಾದಷ್ಟೂ ಮಣ್ಣು ಹುಳಿ). ಕುದುರೆ ಮೆಂತೆಗೆ 6.5ರಿಂದ 7.5 ಬೇಕು. 6ರ ಕೆಳಗೆ ಇದರ ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣು ರೈಜೋಬಿಯಂ ಸೊರಗುತ್ತದೆ, 5.5ರ ಕೆಳಗೆ ಮಣ್ಣಿನಲ್ಲಿ ಕರಗಿದ ಅಲ್ಯೂಮಿನಿಯಂ ಬೇರಿನ ತುದಿಯನ್ನೇ ಮೊಟಕು ಮಾಡುತ್ತದೆ.

ಮಣ್ಣು ಪರೀಕ್ಷೆಗೆ ಕೊಟ್ಟಾಗ ಎಷ್ಟು ಸುಣ್ಣ ಬೇಕೆಂದೂ ಬರೆಸಿಕೊಳ್ಳಿ. ರಸಸಾರ ಒಂದೇ ಇದ್ದರೂ ಮರಳು ಮಣ್ಣಿಗಿಂತ ಜೇಡಿಗೆ ಹೆಚ್ಚು ಸುಣ್ಣ ಹಿಡಿಯುತ್ತದೆ. ಎಕರೆಗೆ 1ರಿಂದ 2 ಟನ್ ಬೇಕಾಗುವುದು ಸಾಮಾನ್ಯ; ಒಂದೆರಡು ಚೀಲ ಎರಚಿದರೆ ಏನೂ ಆಗದು. ಸುಣ್ಣ ತಾನಾಗಿ ಕೆಳಗಿಳಿಯುವುದಿಲ್ಲ. ಹುಲ್ಲು ನೆಡುವ ಮೊದಲೇ, ಬಿತ್ತನೆಗೆ ನಾಲ್ಕಾರು ತಿಂಗಳಿರುವಾಗ, ಹಿಟ್ಟಿನಂಥ ಕೃಷಿ ಸುಣ್ಣವನ್ನೋ ಡೋಲೊಮೈಟನ್ನೋ (ಮೆಗ್ನೀಷಿಯಂ ಇರುವ ಸುಣ್ಣಕಲ್ಲಿನ ಪುಡಿ) 15–20 ಸೆಂ.ಮೀ. ಆಳಕ್ಕೆ ಉಳುಮೆಯಲ್ಲಿ ಬೆರೆಸಬೇಕು. ಎರಡಡಿ ಆಳದ ಮಣ್ಣನ್ನೂ ಪರೀಕ್ಷೆ ಮಾಡಿಸಿ. ಅಲ್ಲಿ 5ಕ್ಕಿಂತ ಕಡಿಮೆ ಬಂದರೆ ಮೆಂತೆಯ ಆಸೆ ಬಿಟ್ಟು ಸ್ಟೈಲೋ ಎಂಬ ಇನ್ನೊಂದು ದ್ವಿದಳ ಮೇವು ಬಿತ್ತುವುದೇ ಸರಿ. ಅದು ಹುಳಿಗೆ ಜಗ್ಗುವುದಿಲ್ಲ.

ಮಳೆಗಾಲದ ನೀರು ನಿಂತರೆ ಬೇರು ಕೊಳೆಯುತ್ತದೆ. ಬಸಿಗಾಲುವೆ ತೆಗೆದು, ಏರು ಮಡಿಯಲ್ಲಿ ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿ. ಗಿನಿ ಸಾಲುಗಳ ನಡುವೆ ನಾಲ್ಕಡಿ ಬಿಟ್ಟು, ಆ ಜಾಗದಲ್ಲಿ ಒಂದಡಿಗೊಂದರಂತೆ ಮೆಂತೆಯ ಮೂರು ಸಾಲು. ಗಿನಿಯ ಬದಲು ನೇಪಿಯರ್ ಹುಲ್ಲು ಬೇಡ, ಅದರ ಎತ್ತರಕ್ಕೆ ಮೆಂತೆ ಉಳಿಯದು. ಎಕರೆಗೆ 5–6 ಕೆ.ಜಿ. ಬೀಜ ಸಾಕು, ಆಳ ಒಂದು ಸೆಂ.ಮೀ. ದಾಟಬಾರದು.

ಬೀಜಕ್ಕೆ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಹಚ್ಚಿ, ಮೇಲೆ ನುಣ್ಣನೆಯ ಸುಣ್ಣಕಲ್ಲಿನ ಪುಡಿ ಉದುರಿಸಿ ನೆರಳಲ್ಲಿ ಒಣಗಿಸಿ. ಸುಟ್ಟ ಸುಣ್ಣ ಬಳಸಿದರೆ ಜೀವಾಣು ಸಾಯುತ್ತದೆ. ಅಲಸಂದೆಗೆ, ಶೇಂಗಾಕ್ಕೆ ಮಾರುವ ಪೊಟ್ಟಣ ಇದಕ್ಕೆ ನಡೆಯದು, ಕುದುರೆ ಮೆಂತೆಯದ್ದೇ ಬೇಕು. ಆರು ವಾರಕ್ಕೆ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ, ಬೇರಿನ ಗಂಟು ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಕೆಲಸ ನಡೆಯುತ್ತಿದೆ, ಬಿಳಿ ಅಥವಾ ಹಸಿರಿದ್ದರೆ ಇಲ್ಲ.

ಮೊದಲ ಕೊಯ್ಲು 60–70 ದಿನಕ್ಕೆ, ಆಮೇಲೆ ತಿಂಗಳಿಗೊಮ್ಮೆ, ನೆಲದಿಂದ ನಾಲ್ಕು ಬೆರಳು ಬಿಟ್ಟು. ಪೊಟ್ಯಾಷಿಗೆ ಹುಲ್ಲೂ ಮೆಂತೆಯೂ ಪೈಪೋಟಿಗೆ ಬಿದ್ದಾಗ ಗೆಲ್ಲುವುದು ಹುಲ್ಲೇ. ಮೆಂತೆಯ ಎಲೆ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಅದರ ಕೊರತೆಯೆಂದು ತಿಳಿದು, ಕೊಯ್ಲಾದ ಕೂಡಲೇ ಪೊಟ್ಯಾಷ್ ಕೊಡಿ.