ಪಟ್ಟಿಯಲ್ಲಿ ಹೆಚ್ಚಾಗಿ ಸೇರಿದ ಒಂದು ಬಿಳಿ ಕೀಟ

ಹಳ್ಳ-ಹೊಳೆಗಳ ದಂಡೆಯ ಕೀಟಗಳನ್ನು ಎಣಿಸಿ ವರದಿ ಬರೆಯುವುದು ನನ್ನ ಕೆಲಸ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿ, ಮುಂದೆ ಬೇಡ್ತಿ, ಗಂಗಾವಳಿ ಎಂದು ಹೆಸರು ಬದಲಿಸುತ್ತ ಸಮುದ್ರ ಸೇರುವ ಶಾಲ್ಮಲೆಯ ಕಲಘಟಗಿ ಭಾಗದಲ್ಲಿ 100 ಮೀಟರ್ ಉದ್ದದ ದಂಡೆಯನ್ನು ಮಳೆಗಾಲ ಮುಗಿದೊಡನೆ ನನಗೆ ವಹಿಸಿದ್ದರು. ನಮ್ಮ ಕಡೆಯ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟಗಳಲ್ಲೇ ಸಪೂರ ಮೈಯವಾದ ಡ್ಯಾಮ್ಸೆಲ್‌ಫ್ಲೈಗಳನ್ನು ಅಲ್ಲಿ ಗುರುತಿಸಬೇಕಿತ್ತು. ಕಣ್ಣುಗಳು ತಲೆಯ ಆಚೀಚೆ ದೂರ ಇರುವುದರಿಂದ, ಕುಳಿತಾಗ ಬಹುತೇಕ ರೆಕ್ಕೆ ಮಡಚಿಕೊಳ್ಳುವುದರಿಂದ ಬಳಗವೇನೋ ಸುಲಭವಾಗಿ ತಿಳಿಯುತ್ತದೆ. ಪೇಚಾಟವೆಲ್ಲ ಪ್ರಭೇದ ಹೇಳುವುದರಲ್ಲಿ.

ಕೊಪೆರಾ ಮಾರ್ಜಿನಿಪೀಸ್ ಎಂಬುದು ನೆರಳಿನ ಪೊದೆಗಳಲ್ಲಿ ತಗ್ಗಾಗಿ ಕೂರುವ, ಕಪ್ಪು ಮೈಯ, ಹಳದಿ ಕಾಲಿನ ಕೀಟ. ಅದರಿಂದ ಎರಡು ಮಾರು ದೂರದಲ್ಲಿ, ಹುಲ್ಲಿನೆಸಳಿಗೆ ಸಿಕ್ಕಿಕೊಂಡ ನೂಲಿನ ಎಳೆಯಂತೆ, ಕಾಲು ಸಮೇತ ಬೆಳ್ಳಗಿದ್ದ ಮತ್ತೊಂದು ಕುಳಿತಿತ್ತು. ಇಷ್ಟು ಬೇರೆಯಾಗಿ ಕಾಣುವುದು ಬೇರೆಯೇ ಇರಬೇಕೆಂದು, ಮೇಲಿನಿಂದ ಒಂದೇ ಫೋಟೋ ತೆಗೆದು, ಪಟ್ಟಿಗೆ 13ನೆಯ ಪ್ರಭೇದವಾಗಿ ಸೇರಿಸಿ ಕಳಿಸಿಬಿಟ್ಟೆ.

ಹಿರಿಯ ಸಹೋದ್ಯೋಗಿಯೊಬ್ಬರು ಫೋಟೋ ನೋಡಿ, "ಬೆಳ್ಳಗದ ಅಂದ್ರ ಬ್ಯಾರೆ ಜಾತಿ ಅಂತ ಯಾಕ ಬರದಿ? ಇನ್ನೂ ಎಳೀದದ ಅದು" ಎಂದರು. ಕೊಪೆರಾದ ಮರಿಗಳು ನೀರಿನಿಂದೆದ್ದು ರೆಕ್ಕೆ ಪಡೆದ ಹೊಸತರಲ್ಲಿ, ಗಂಡಿರಲಿ ಹೆಣ್ಣಿರಲಿ, ಹೀಗೆಯೇ ಬಿಳಿಚಿಕೊಂಡಿರುತ್ತವೆ. ಕಪ್ಪೂ ಹಳದಿಯೂ ಮೆಲ್ಲಗೆ ಏರುತ್ತವೆ. ವರದಿ ಆಗಲೇ ನನ್ನ ಕೈದಾಟಿ ಹೋಗಿತ್ತು. ಒಂದು ಸಂಖ್ಯೆ ತಗ್ಗಿಸಲು ತಿದ್ದುಪಡಿ ಪತ್ರ ಬರೆಯುವಾಗಿನ ಮುಜುಗರ ಬರೆದವರಿಗೇ ಗೊತ್ತು.

ಮರುದಿನ ಅದೇ ಜಾಗಕ್ಕೆ ಹೋಗಿ, ಬಲೆಯಲ್ಲಿ ಒಂದನ್ನು ಹಿಡಿದು, ನಾಲ್ಕೂ ರೆಕ್ಕೆಗಳನ್ನು ಒಟ್ಟಿಗೆ ಬೆರಳ ನಡುವೆ ಮೆಲ್ಲಗೆ ಒತ್ತಿಕೊಂಡು, 10 ಪಟ್ಟಿನ ಮಸೂರದಲ್ಲಿ ನೋಡಿದೆ. ಹೊಟ್ಟೆಯ 10 ಖಂಡಗಳಲ್ಲಿ ಎರಡನೆಯದರ ಅಡಿಯಲ್ಲಿ ಉಬ್ಬಿದ್ದರೆ ಗಂಡು; ಬಾಲದ ತುದಿಗೆ ಹತ್ತಿರ, ಅಡಿಯಲ್ಲಿ, ಮೊಟ್ಟೆಯಿಡುವ ಅಂಗವಿದ್ದರೆ ಹೆಣ್ಣು. ಗಂಡಿನ ತುದಿಯ ಚಿಮಟದಂತಹ ಉಪಾಂಗಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿದ್ದು, ಬಣ್ಣಕ್ಕಿಂತ ಹೆಚ್ಚು ನಂಬಬಹುದಾದ ಗುರುತು ಅದು. ಹಾಗೆ ನೋಡಿದರೆ ಬಣ್ಣ ಇನ್ನೊಂದು ಕಡೆಯೂ ಏಮಾರಿಸುತ್ತದೆ: ಕೆರೆಯಂಚಿನಲ್ಲಿ ಎಲ್ಲೆಡೆ ಸಿಗುವ ಇಶ್ನುರಾ ಸೆನೆಗಲೆನ್ಸಿಸ್‌ನ ಕೆಲವು ಹೆಣ್ಣುಗಳು ಥೇಟ್ ಗಂಡಿನ ಬಣ್ಣದಲ್ಲಿಯೇ ಇರುತ್ತವೆ.

ಈಗ ನಾನು ಪ್ರತಿ ಕೀಟಕ್ಕೂ ಮೂರು ಫೋಟೋ ತೆಗೆಯುತ್ತೇನೆ: ಮೈಗೆ ಸಮಾನಾಂತರವಾಗಿ ಪಕ್ಕದಿಂದ ಒಂದು, ಎದೆಯ ಪಟ್ಟೆಗಳದ್ದೊಂದು, ಬಾಲದ ತುದಿಯದ್ದೊಂದು. ನಮೂನೆಯಲ್ಲಿ ಲಿಂಗದ ಕಾಲಂನ ಪಕ್ಕದಲ್ಲಿ ವಯಸ್ಸಿನ ಕಾಲಂ ಎಳೆದಿದ್ದೇನೆ; ಮೈ ಬಿಳಿಚಿ, ರೆಕ್ಕೆ ಗಾಜಿನಂತೆ ಹೊಳೆಯುತ್ತಿದ್ದರೆ ಅಲ್ಲಿ "ಎಳೆಯದು" ಎಂದು ಬರೆದ ಮೇಲೆಯೇ ಹೆಸರಿನ ಕಡೆಗೆ ಕೈ ಹೋಗುತ್ತದೆ.