ಮೈದಾ ಬದಲು ತೆಂಗಿನ ಹಿಟ್ಟು: ಮೊಟ್ಟೆಯಿಂದ ಲೆಕ್ಕ ಹಿಡಿಯಿರಿ

ಒಂದು ಕಪ್ ಮೈದಾ ಹಾಕುವ ಕಡೆ ಒಂದು ಕಪ್ ತೆಂಗಿನ ಹಿಟ್ಟು ಸುರಿದರೆ ಕೇಕ್ ಆಗುವುದಿಲ್ಲ. ಹಾಲು ಹೊಯ್ದಷ್ಟೂ ಹೀರಿಕೊಂಡು ಹಿಟ್ಟು ಬಟ್ಟಲಲ್ಲೇ ಉದುರುದುರಾಗಿ ಕೂತಿರುತ್ತದೆ. ಬೆಂದ ಮೇಲೂ ಕೈ ಹಾಕಿದರೆ ಪುಡಿ. ಬೆಲೆಯೂ ಮೈದಾಕ್ಕಿಂತ ಎಷ್ಟೋ ಪಟ್ಟು ಹೆಚ್ಚಾದ್ದರಿಂದ ಸುಮ್ಮನೆ ಹಾಕಿ ನೋಡೋಣ ಅನ್ನುವ ವಸ್ತುವೂ ಅಲ್ಲ ಇದು.

ತುರಿದ ಕಾಯಿಯಿಂದ ಹಾಲನ್ನೋ ವರ್ಜಿನ್ ಎಣ್ಣೆಯನ್ನೋ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಿದರೆ ತೆಂಗಿನ ಹಿಟ್ಟು. ಎಣ್ಣೆಯಂಶ ಬಹುಪಾಲು ಹೋಗಿ ನಾರು ಉಳಿದಿರುತ್ತದೆ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 35ರಿಂದ 40 ಗ್ರಾಂ ನಾರೇ. ಮೈದಾದಲ್ಲಿ ಅದು 3 ಗ್ರಾಂ ಆಸುಪಾಸು. ಈ ನಾರು ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಗ್ಲುಟೆನ್, ಅಂದರೆ ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್, ಮಾತ್ರ ಚೂರೂ ಇಲ್ಲ. ಮೈದಾ ಕೇಕಿನಲ್ಲಿ ಬೇಕಿಂಗ್ ಪೌಡರ್ ಬಿಡುವ ಗಾಳಿಯನ್ನು ಹಿಡಿದು ನಿಲ್ಲಿಸಲು ಗ್ಲುಟೆನ್, ಗಂಜಿ, ಮೊಟ್ಟೆ ಮೂರೂ ಕೈಜೋಡಿಸುತ್ತವೆ. ಇಲ್ಲಿ ಆ ಕೆಲಸವೆಲ್ಲ ಮೊಟ್ಟೆಯ ತಲೆಯ ಮೇಲೆ. ಹಾಗಾಗಿ ಮನೆಯಲ್ಲಿ ಎಷ್ಟು ಮೊಟ್ಟೆ ಇದೆ ಎಂದು ನೋಡಿಕೊಂಡೇ ಹಿಟ್ಟು ಅಳೆಯುವುದು ಸರಿ.

ಅಂಗಡಿಯಲ್ಲಿ ಪೊಟ್ಟಣ ಆರಿಸುವಾಗಲೂ ಎಡವಟ್ಟಾಗುತ್ತದೆ. ಡೆಸಿಕೇಟೆಡ್ ಕೋಕೊನಟ್ ಎಂದು ಮಾರುವ ಒಣ ತುರಿಯಾಗಲಿ, ತಿಪಟೂರಿನ ಉಂಡೆ ಕೊಬ್ಬರಿ ತುರಿದ ಪುಡಿಯಾಗಲಿ ತೆಂಗಿನ ಹಿಟ್ಟಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇರುತ್ತದೆ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಲು ಹೋದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಹಿಟ್ಟಾಗುವುದಿಲ್ಲ. ಬೇಕರಿ ದಿಲ್‌ಪಸಂದ್ ಹೂರಣಕ್ಕೆ ಆ ತುರಿಯೇ ಚೆಂದ. ಕೇಕಿನ ಹಿಟ್ಟಿನ ಜಾಗಕ್ಕೆ ಬೇಡ. ತೆಂಗಿನ ಹಾಲಿನ ಪುಡಿಯಂತೂ ಬೇರೆಯದೇ ಸಾಮಾನು, ನೀರಿಗೆ ಹಾಕಿದರೆ ಕರಗಿಯೇ ಹೋಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ. ಕಾಯಿಯ ಕಂದು ಸಿಪ್ಪೆ ಹೆರೆದು ತುರಿಯಿರಿ, ಬಿಸಿ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಎರಡು ಸಲ ಬಲವಾಗಿ ಹಿಂಡಿ. ಉಳಿದ ತುರಿಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ 70-80 ಡಿಗ್ರಿ ಅವನ್‌ನಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ, ನಡುನಡುವೆ ಕೈಯಾಡಿಸಿ. ಬೆರಳಲ್ಲಿ ಉಜ್ಜಿದರೆ ಸರಸರ ಅನ್ನಬೇಕು. ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ತಡೆತಡೆದು ತಿರುಗಿಸಿ ಪುಡಿ ಮಾಡಿ. ಒಂದೇ ಸಮ ಓಡಿಸಿದರೆ ಬಿಸಿಗೆ ಎಣ್ಣೆ ಬಿಡುತ್ತದೆ. ಕೊನೆಗೆ ಜರಡಿ ಹಿಡಿಯಿರಿ. ಎಷ್ಟೇ ಹಿಂಡಿದರೂ ಮನೆಯ ಹಿಟ್ಟಿನಲ್ಲಿ ಎಣ್ಣೆ ತುಸು ಹೆಚ್ಚೇ ಉಳಿದಿರುತ್ತದೆ, ಹಾಗಾಗಿ ಪೊಟ್ಟಣದ ಹಿಟ್ಟಿಗಿಂತ ನೀರು ಕಡಿಮೆ ಕುಡಿಯುತ್ತದೆ.

ಕಂಪನಿಯಿಂದ ಕಂಪನಿಗೂ ಈ ವ್ಯತ್ಯಾಸ ಇದ್ದೇ ಇದೆ. ಹೊಸ ಪೊಟ್ಟಣ ಒಡೆದಾಗ 10 ಗ್ರಾಂ ಹಿಟ್ಟಿಗೆ 30 ಮಿಲಿ ನೀರು ಹಾಕಿ ಕಲಸಿ ಐದು ನಿಮಿಷ ಬಿಟ್ಟು ನೋಡಿ. ನೀರು ತೇಲುತ್ತಿದ್ದರೆ ಕಡಿಮೆ ಹೀರುವ ಹಿಟ್ಟು, ಇನ್ನೂ ಪುಡಿಪುಡಿಯಾಗಿದ್ದರೆ ಹೆಚ್ಚು ಹೀರುವಂಥದ್ದು. ಇದನ್ನು ಮಾಡಿದವರು ಒಂದು ಟಿನ್ ಕೇಕ್ ಉಳಿಸಿಕೊಳ್ಳುತ್ತಾರೆ.

ಈಗ ಅಳತೆ. ಒಂದು ಕಪ್ ಮೈದಾ, ಅಂದರೆ ಸುಮಾರು 120 ಗ್ರಾಂ, ಪೂರ್ತಿ ತೆಗೆಯುವುದಾದರೆ ಅದರ ಜಾಗಕ್ಕೆ ಕಾಲು ಕಪ್‌ನಿಂದ ಮೂರನೇ ಒಂದು ಕಪ್ ತೆಂಗಿನ ಹಿಟ್ಟು ಸಾಕು, ತೂಕದಲ್ಲಿ 30-40 ಗ್ರಾಂ. ಪ್ರತಿ 28-30 ಗ್ರಾಂ ತೆಂಗಿನ ಹಿಟ್ಟಿಗೆ ಒಂದು ಮೊಟ್ಟೆ ತೀರಾ ಕನಿಷ್ಠ, ಮೆತ್ತಗಿನ ಕೇಕ್ ಬೇಕಿದ್ದರೆ ಎರಡು. ಅಮೆರಿಕದ ಪಾಕವಿಧಾನಗಳಲ್ಲಿ ಬರೆಯುವ ಲಾರ್ಜ್ ಮೊಟ್ಟೆ ಚಿಪ್ಪು ಬಿಟ್ಟು ಸುಮಾರು 50 ಗ್ರಾಂ ತೂಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮೊಟ್ಟೆ ಎಷ್ಟೋ ಸಲ ಅದಕ್ಕಿಂತ ಸಣ್ಣದು. ‘ಆರು ಮೊಟ್ಟೆ’ ಎಂದಿದ್ದರೆ 300 ಗ್ರಾಂ ಎಂದು ಓದಿಕೊಂಡು ತೂಗಿ ಹಾಕಿ; ಆರಕ್ಕೆ ಬದಲು ಏಳು ಬೇಕಾಗಬಹುದು. ಹಿಟ್ಟನ್ನೂ ತೂಗಿಯೇ ಹಾಕಿ. ಕಪ್‌ನಲ್ಲಿ ಒತ್ತಿ ತುಂಬಿದರೆ ಬರುವ ಹತ್ತು ಹದಿನೈದು ಗ್ರಾಂ ಹೆಚ್ಚುವರಿ ಮೈದಾದಲ್ಲಿ ಗೊತ್ತಾಗದೆ ಹೋಗಬಹುದು, ಇಲ್ಲಿ ಕೇಕನ್ನೇ ಒಣಗಿಸಿಬಿಡುತ್ತದೆ.

ಎಂಟು ಮಫಿನ್‌ಗೆ ಹೀಗೆ: ತೆಂಗಿನ ಹಿಟ್ಟು 60 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಕಾಲು ಚಮಚ ಉಪ್ಪು, ಅರ್ಧ ಚಮಚ ಏಲಕ್ಕಿ ಪುಡಿ ಇಷ್ಟನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಜರಡಿ ಬಿಟ್ಟರೆ ಬೆಂದ ಮಫಿನ್ ಒಳಗೆ ಒಣ ಹಿಟ್ಟಿನ ಗಂಟು ಸಿಗುತ್ತದೆ. ಬೇರೆ ಬಟ್ಟಲಲ್ಲಿ ಮೊಟ್ಟೆ 190 ಗ್ರಾಂ (ನಾಲ್ಕು), ಸಕ್ಕರೆ 80 ಗ್ರಾಂ, ಕರಗಿಸಿ ಆರಿಸಿದ ಬೆಣ್ಣೆ ಅಥವಾ ತೆಂಗಿನೆಣ್ಣೆ 60 ಗ್ರಾಂ, ಹಾಲು 60 ಮಿಲಿ ಚೆನ್ನಾಗಿ ಕದಡಿ. ಮೊಟ್ಟೆ, ಹಾಲು ಫ್ರಿಜ್‌ನ ತಂಪಿನಲ್ಲೇ ಇದ್ದರೆ ತೆಂಗಿನೆಣ್ಣೆ ಕೂಡಲೇ ಹೆಪ್ಪುಗಟ್ಟಿ ಚೂರು ಚೂರಾಗಿ ತೇಲುತ್ತದೆ, ಎಣ್ಣೆ 24-25 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವಂಥದ್ದು. ಮೊದಲೇ ಹೊರಗೆ ತೆಗೆದಿಡಿ. ಎರಡನ್ನೂ ಸೇರಿಸಿ ಕಲಸಿ. ಗ್ಲುಟೆನ್ ಇಲ್ಲದ್ದರಿಂದ ಹೆಚ್ಚು ಕಲಸಿದರೆ ರಬ್ಬರ್ ಆದೀತೆಂಬ ಭಯ ಇಲ್ಲ.

ಕಲಸಿದ ತಕ್ಷಣ ಹಿಟ್ಟು ನೀರಾಗಿ ಕಾಣುತ್ತದೆ. ಬಹಳ ಜನ ಇಲ್ಲೇ ಗಾಬರಿಯಾಗಿ ಇನ್ನೆರಡು ಚಮಚ ಹಿಟ್ಟು ಸುರಿಯುತ್ತಾರೆ, ಕೇಕ್ ಕೆಡುವುದೂ ಇಲ್ಲೇ. ಕೈ ಕಟ್ಟಿಕೊಂಡು ಹತ್ತು ನಿಮಿಷ ಬಿಡಿ. ನಾರು ದ್ರವ ಹೀರಿ ಇಡ್ಲಿ ಹಿಟ್ಟಿನ ಹದಕ್ಕೆ ಬರುತ್ತದೆ. ಅದಕ್ಕೂ ಗಟ್ಟಿಯಾಗಿ ಚಮಚದಿಂದ ಬೀಳದೆ ನಿಂತರೆ ಒಂದೊಂದೇ ಚಮಚ ಹಾಲು ಸೇರಿಸಿ. ಅಚ್ಚಿನ ಮುಕ್ಕಾಲು ಭಾಗ ತುಂಬಿ 170 ಡಿಗ್ರಿಯಲ್ಲಿ 20-22 ನಿಮಿಷ ಬೇಯಿಸಿ. ಇದು ಮೈದಾ ಮಫಿನ್‌ನಷ್ಟು ಉಬ್ಬುವುದಿಲ್ಲ, ಆ ಆಸೆ ಬಿಡಿ.

ಮೈದಾ ಕೇಕಿಗೆ 180 ಡಿಗ್ರಿ ಇಡುವವರು ಇಲ್ಲಿ ಹತ್ತು ಡಿಗ್ರಿ ಇಳಿಸಿ, ಇದರ ಮೇಲ್ಮೈ ಬೇಗ ಕಂದಾಗುತ್ತದೆ. ದೊಡ್ಡ ಆಳದ ಟಿನ್ ಬೇಡ. ಸುತ್ತ ಬೆಂದು ನಡುಭಾಗ ಹಸಿಯಾಗಿ ಉಳಿಯುವುದು ತೆಂಗಿನ ಹಿಟ್ಟಿನ ಹುಟ್ಟುಗುಣ. ಕೇಕ್ ಮಾಡುವುದಿದ್ದರೆ ಆರು ಇಂಚಿನ ಎರಡು ಟಿನ್‌ಗೆ ಹಂಚಿ. ಕಡ್ಡಿ ಚುಚ್ಚಿ ನೋಡುವುದನ್ನು ಪೂರ್ತಿ ನಂಬಬೇಡಿ, ಬೆಂದ ಮೇಲೂ ಒಳಗೆ ತೇವ ಇರುವುದರಿಂದ ಕಡ್ಡಿ ಒದ್ದೆ ಬರಬಹುದು. ನಡುವೆ ಬೆರಳಿಂದ ಒತ್ತಿದಾಗ ಮೇಲೆ ಪುಟಿಯಬೇಕು. ಥರ್ಮಾಮೀಟರ್ ಇದ್ದರೆ ಒಳಗೆ 95 ಡಿಗ್ರಿ. ಬಿಸಿಯಲ್ಲಿ ಅಚ್ಚಿನಿಂದ ಕಿತ್ತರೆ ಮುರಿಯುತ್ತದೆ. ಹತ್ತು ನಿಮಿಷ ಅಚ್ಚಿನಲ್ಲೇ ಬಿಟ್ಟು ಆಮೇಲೆ ತೆಗೆಯಿರಿ, ಪೂರ್ತಿ ಆರಿದ ಮೇಲೆ ಕತ್ತರಿಸಿ. ಮಾರನೆಯ ದಿನಕ್ಕೆ ತೇವ ಎಲ್ಲ ಕಡೆ ಹರಡಿ ಇನ್ನೂ ಚೆನ್ನಾಗಿರುತ್ತದೆ.

ಬೆಂದದ್ದು ಬಾಯಿಗಿಟ್ಟರೆ ಗಂಟಲಿಗೆ ಅಂಟುವಷ್ಟು ಒಣಗಿದ್ದರೆ ಹಿಟ್ಟು ಹೆಚ್ಚು, ಇಲ್ಲವೇ ಜಿಡ್ಡು ಕಡಿಮೆ. ಆಮ್ಲೆಟ್ ವಾಸನೆ ಬಂದರೆ ಮೊಟ್ಟೆ ಹೆಚ್ಚಾಗಿದೆ. ನಿಂಬೆ ಸಿಪ್ಪೆಯ ತುರಿ, ಕೋಕೋ, ಏಲಕ್ಕಿಯಂಥ ಜೋರು ಪರಿಮಳ ಅದನ್ನು ಮುಚ್ಚುತ್ತದೆ. ಒಂದು ಬಿಳಿ ಕಡಿಮೆ ಮಾಡಿ ಹಳದಿ ಹಾಗೇ ಉಳಿಸಿಕೊಂಡರೂ ಆದೀತು. ಬಿಳಿ ಹೆಚ್ಚಾದಷ್ಟೂ ಕೇಕ್ ಬಿಗಿ, ಹಳದಿ ಹೆಚ್ಚಾದಷ್ಟೂ ಮೆತ್ತಗೆ. ಬಾಳೆಹಣ್ಣು ಕಿವುಚಿ ಹಾಕುವವರು ಹಾಲನ್ನು ಕಡಿತ ಮಾಡಲು ಮರೆತರೆ ನಡುವೆ ಹಲ್ವ ಆಗುತ್ತದೆ. ಅಡುಗೆ ಸೋಡಾ ಬಳಸಿದರೆ ಜೊತೆಗೆ ಮೊಸರೋ ನಿಂಬೆರಸವೋ ಇರಲೇಬೇಕು. ಹುಳಿ ಇಲ್ಲದಿದ್ದರೆ ಸೋಡಾ ಉಳಿದು ನಾಲಿಗೆಗೆ ಕಹಿ.

ಮೊಟ್ಟೆ ತಿನ್ನದ ಮನೆಗಳ ಪ್ರಶ್ನೆ ಇದ್ದೇ ಇದೆ. ಪೂರ್ತಿ ತೆಂಗಿನ ಹಿಟ್ಟಿನ ಎಗ್‌ಲೆಸ್ ಕೇಕಿಗೆ ಕೈ ಹಾಕಬೇಡಿ ಎಂದೇ ನನ್ನ ಸಲಹೆ. ಅಗಸೆ ಬೀಜದ ಪುಡಿ ನೆನೆಸಿದ ಲೋಳೆ ಹಿಟ್ಟನ್ನು ಅಂಟಿಸುತ್ತದೆ, ಆದರೆ ಮೊಟ್ಟೆಯ ಹಾಗೆ ಬಿಸಿಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಬೇಯುವಷ್ಟು ಬೆಂದರೂ ಒಳಗೆ ಅಂಟಂಟು. ಅಂಥವರಿಗೆ ಐದರಲ್ಲಿ ಒಂದು ಪಾಲಿನ ಲೆಕ್ಕ ಒಳ್ಳೆಯದು: 100 ಗ್ರಾಂ ಮೈದಾ ಇದ್ದರೆ 80 ಮೈದಾ, 20 ತೆಂಗಿನ ಹಿಟ್ಟು, ಜೊತೆಗೆ ಹಾಲೋ ಮೊಸರೋ 20-30 ಮಿಲಿ ಹೆಚ್ಚು. ಗೋಧಿ ಹಿಟ್ಟಿಗೂ ಇದೇ. ನಾನ್‌ಖಟಾಯಿಗಾದರೆ ಮೈದಾ 85 ಗ್ರಾಂ, ತೆಂಗಿನ ಹಿಟ್ಟು 15, ಸಕ್ಕರೆ ಪುಡಿ 55, ತುಪ್ಪ 75. ಉಂಡೆ ಕಟ್ಟಲು ಬಾರದಿದ್ದರೆ ಒಂದೆರಡು ಚಮಚ ಹಾಲು. ಈ ಹಿಟ್ಟು ಅವನ್‌ನಲ್ಲಿ ಹೆಚ್ಚು ಹರಡುವುದಿಲ್ಲ, ಆದ್ದರಿಂದ ಬೇಯಿಸುವ ಮೊದಲೇ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, 160 ಡಿಗ್ರಿಯಲ್ಲಿ 18-20 ನಿಮಿಷ. ನನ್ನ ಮಟ್ಟಿಗೆ ತೆಂಗಿನ ಹಿಟ್ಟಿನ ರುಚಿ ಕೇಕಿಗಿಂತ ಬಿಸ್ಕತ್ತಿನಲ್ಲೇ ಹೆಚ್ಚು ಗೊತ್ತಾಗುವುದು.

ಯೀಸ್ಟ್ ಬ್ರೆಡ್‌ಗೆ ನೂರಕ್ಕೆ ಹತ್ತರ ಮೇಲೆ ಹೋಗಬೇಡಿ. ನಾರು ಗ್ಲುಟೆನ್ ಎಳೆಗಳನ್ನು ತುಂಡರಿಸುತ್ತದೆ, ನೀರನ್ನೂ ಕಸಿಯುತ್ತದೆ. 450 ಗ್ರಾಂ ಮೈದಾಕ್ಕೆ 50 ಗ್ರಾಂ ಸೇರಿಸಿ, ಮಾಮೂಲಿ ನೀರಿನ ಮೇಲೆ 50 ಮಿಲಿ ಹೆಚ್ಚು ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಇನ್ನೂ ಬೇಕೇ ಎಂದು ಮುಟ್ಟಿ ನೋಡಿ.

ಬಾದಾಮಿ ಹಿಟ್ಟಿನ ಬದಲು ಹಾಕುವವರು ಕೊಬ್ಬಿನ ಲೆಕ್ಕ ಮರೆಯಬಾರದು. 100 ಗ್ರಾಂ ಬಾದಾಮಿ ಹಿಟ್ಟಿನಲ್ಲಿ ಅರ್ಧದಷ್ಟು ಎಣ್ಣೆಯೇ. ಅದನ್ನು ತೆಗೆದು 25-30 ಗ್ರಾಂ ತೆಂಗಿನ ಹಿಟ್ಟು ಹಾಕಿದಾಗ ಸುಮಾರು 45 ಗ್ರಾಂ ಕೊಬ್ಬು ಮಾಯ. ಮೂರು ಟೇಬಲ್ ಚಮಚ ಬೆಣ್ಣೆ, ಒಂದು ಮೊಟ್ಟೆ ಹೆಚ್ಚಿಗೆ ಹಾಕಿ ಅದನ್ನು ತುಂಬಿಕೊಡಬೇಕು. ಬಾದಾಮಿ ಹಿಟ್ಟು, ಮೊಟ್ಟೆಯ ಬಿಳಿಯಿಂದ ಮಾಡುವ ಫ್ರೆಂಚ್ ಬಿಸ್ಕತ್ತು ಮ್ಯಾಕರಾನ್‌ಗೆ ಈ ಬದಲಿ ನಡೆಯುವುದೇ ಇಲ್ಲ.

ಶುಗರ್ ಇರುವವರಿಗೆಂದು ಮಾಡುವಾಗ ಒಂದು ಮಾತು: ಹಿಟ್ಟು ಬದಲಾದರೂ ಬಟ್ಟಲಲ್ಲಿರುವ 80 ಗ್ರಾಂ ಸಕ್ಕರೆ ಸಕ್ಕರೆಯೇ, ಬೆಲ್ಲ ಹಾಕಿದರೂ ಅಷ್ಟೇ. ನಾರು ತಿಂದು ರೂಢಿ ಇಲ್ಲದವರು ಒಂದೇ ಸಲ ಮೂರು ಮಫಿನ್ ತಿಂದರೆ ಹೊಟ್ಟೆ ಉಬ್ಬರಿಸುವುದೂ ಉಂಟು.

ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಮಳೆಗಾಲದಲ್ಲಿ ತೇವ ತಗುಲಿದರೆ ಉಳಿದ ಎಣ್ಣೆಯಂಶ ಒಡೆದು ಸಾಬೂನಿನ ವಾಸನೆ ಬರುತ್ತದೆ. ಬಿಸಿಲಿಗೆ ಹಾಕಿದರೂ ಆ ವಾಸನೆ ಹೋಗದು, ಏಲಕ್ಕಿಗೂ ಜಗ್ಗದು. ಅಂಥ ಹಿಟ್ಟನ್ನು ಬಿಸಾಡುವುದೇ ಸರಿ.