ನೀಲಿ ಕೋಟು, ಹಳದಿ ಕಾಲುಚೀಲದ ಶಾಲೆಯಲ್ಲಿ

ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಿಂದ ದಕ್ಷಿಣಕ್ಕೆ ರೈಲು ಹಿಡಿದರೆ ಸುಮಾರು ಒಂದು ಗಂಟೆಗೆ ಹಾರ್ಷಮ್ ಊರು. ಅದು ದಾಟಿದ ಕೂಡಲೇ ಬರುವ ಸ್ಟೇಷನ್ನಿನ ಹೆಸರು ಕ್ರೈಸ್ಟ್ಸ್ ಹಾಸ್ಪಿಟಲ್. ಹೆಸರು ಹಾಗಿದ್ದರೂ ಇದು ಶಾಲೆ. 1902ರಲ್ಲಿ ಈ ಶಾಲೆ ಲಂಡನ್ ಬಿಟ್ಟು ಸಸೆಕ್ಸಿನ ಹೊಲಗಳ ನಡುವೆ ಬಂದು ನೆಲೆಸಿದಾಗ ರೈಲ್ವೆ ಕಂಪನಿ ಭಾರೀ ಸ್ಟೇಷನ್ನನ್ನೇ ಕಟ್ಟಿತ್ತು. ಆದರೆ ಆಗ ಮಕ್ಕಳೆಲ್ಲ ಹಾಸ್ಟೆಲ್ಲಿನಲ್ಲೇ ಇರುವವರು, ದಿನಾ ರೈಲು ಹತ್ತುವವರು ಯಾರು? ಈಗ ಎರಡೇ ಪ್ಲಾಟ್‌ಫಾರ್ಮ್ ಉಳಿದಿವೆ. ಅಲ್ಲಿಂದ ಶಾಲೆಗೆ ನಡೆದೇ ಹೋಗಬಹುದು.

ಇಲ್ಲಿ ಬಂದವರಿಗೆ ಶಾಲೆ ತೋರಿಸುವುದು ಮಕ್ಕಳೇ. ನಮ್ಮ ಗುಂಪಿನ ಜೊತೆ ಬಂದವಳು ಕೊನೆಯ ವರ್ಷದ ಹುಡುಗಿ. ಈ ವರ್ಷದವರನ್ನು ಇಲ್ಲಿ ಗ್ರೀಷಿಯನ್ ಅಂತಾರೆ. ಅವಳ ಉಡುಪು ನೋಡಿಯೇ ನನ್ನ ಅರ್ಧ ಹೊತ್ತು ಹೋಯಿತು. ಪಾದದ ಹತ್ತಿರದವರೆಗೆ ಇಳಿದ ದಪ್ಪ ನೀಲಿ ಉಣ್ಣೆಯ ಕೋಟು. ಕುತ್ತಿಗೆಗೆ ಬಿಳಿ ಪಟ್ಟಿ. ಸಾಸಿವೆ ಹಳದಿಯ ಉದ್ದ ಕಾಲುಚೀಲ. ಗುಂಡಿಗಳ ಮೇಲೆ ಆರನೇ ಎಡ್ವರ್ಡ್ ದೊರೆಯ ತಲೆ. ಚಿಕ್ಕವರಿಗೆ ಸೊಂಟಕ್ಕೆ ಸಣ್ಣ ಚರ್ಮದ ಪಟ್ಟಿ, ದೊಡ್ಡವರಿಗೆ ಅಗಲದ್ದು, ಅದಕ್ಕೆ ಬೆಳ್ಳಿ ಬಣ್ಣದ ಬಕಲ್. ಹಳದಿ ಬಣ್ಣಕ್ಕೆ ಇಲಿ ಹತ್ತಿರ ಸುಳಿಯುವುದಿಲ್ಲ ಅಂತ ಹಿಂದೆ ನಂಬಿದ್ದರಂತೆ.

ಈ ಉಡುಪಿಗೆ ಯಾರೂ ದುಡ್ಡು ಕೊಡಬೇಕಾಗಿಲ್ಲ, ಶಾಲೆಯೇ ಕೊಡುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ. ಇಂಗ್ಲೆಂಡಿನ ಖಾಸಗಿ ಶಾಲೆಗಳೆಂದರೆ ಸಿರಿವಂತರ ಮಕ್ಕಳದ್ದು ಅನ್ನುವ ಮಾತಿದೆ, ಬಹುಮಟ್ಟಿಗೆ ಅದು ನಿಜವೂ ಹೌದು. ಇಲ್ಲಿ ಮಾತ್ರ ಮನೆಯ ಆದಾಯ ನೋಡಿ ಫೀಸು ಗೊತ್ತುಮಾಡುತ್ತಾರೆ. ಪೂರ್ತಿ ಫೀಸು ಕಟ್ಟುವವರೂ ಇದ್ದಾರೆ, ಏನೂ ಕಟ್ಟದವರೂ ಇದ್ದಾರೆ. ಒಂದೇ ಕೋಟು ತೊಟ್ಟು ಸಾಲಿನಲ್ಲಿ ನಿಂತಾಗ ಯಾರು ಯಾವ ಮನೆಯಿಂದ ಬಂದವರು ಅಂತ ಹೇಗೆ ಹೇಳುತ್ತೀರಿ? ಕೆಲವು ವರ್ಷಗಳ ಹಿಂದೆ ಉಡುಪು ಬದಲಿಸೋಣವೇ ಎಂದು ಮಕ್ಕಳನ್ನೇ ಕೇಳಿದರೆ, ಹೆಚ್ಚುಕಮ್ಮಿ ಎಲ್ಲರೂ ಇದೇ ಇರಲಿ ಅಂದರು.

ಶಾಲೆ ಹುಟ್ಟಿದ್ದೇ ಬಡವರಿಗಾಗಿ. 1552ರಲ್ಲಿ ಬಿಷಪ್ ನಿಕೊಲಸ್ ರಿಡ್ಲಿ ದೊರೆಯ ಎದುರು ನಿಂತು ಲಂಡನ್ನಿನ ಬಡವರ ಪಾಡಿನ ಬಗ್ಗೆ ಉಪದೇಶ ಮಾಡಿದ. ಹುಡುಗ ದೊರೆ ಎಡ್ವರ್ಡ್‌ನ ಮನಸ್ಸು ಕರಗಿತು. ಊರಿನ ಮೇಯರ್ ಮತ್ತು ಜನ ಹಣ ಕೂಡಿಸಿದರು. ಎಂಟನೇ ಹೆನ್ರಿ ಮುಚ್ಚಿಸಿದ್ದ ನ್ಯೂಗೇಟ್ ಬೀದಿಯ ಸನ್ಯಾಸಿ ಮಠದ ಕಟ್ಟಡದಲ್ಲಿ ಅದೇ ವರ್ಷ ಮಕ್ಕಳು ಬಂದು ಸೇರಿದರು. 1553ರ ಜೂನ್‌ನಲ್ಲಿ ದೊರೆ ಸನ್ನದಿಗೆ ಸಹಿ ಹಾಕಿದ. ಹದಿನೈದು ದಿನ ಕಳೆಯುವುದರೊಳಗೆ ತೀರಿಕೊಂಡ. ಆಗ ಅವನಿಗೆ ವಯಸ್ಸು ಬರೀ 15.

ಅಂಗಳದ ನಡುವೆ ಅವನ ಪ್ರತಿಮೆ ಇದೆ. ಕೆಳಗೆ ಹಳೆಯ ವಿದ್ಯಾರ್ಥಿಗಳ ಪ್ರತಿಮೆಗಳು. ಕವಿ ಕೋಲರಿಜ್ ಮತ್ತು ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಅಲ್ಲಿದ್ದಾರೆ. ಇಬ್ಬರೂ 1782ರಲ್ಲಿ ಸೇರಿದವರು. ಆಗಿನ ಹಾಸ್ಟೆಲ್ ಬದುಕು ಸುಖದ್ದಲ್ಲ. ಅರೆಹೊಟ್ಟೆ ಊಟ, ಬೆತ್ತದ ಏಟು. ಲ್ಯಾಂಬ್‌ನ ಮನೆ ಲಂಡನ್ನಿನಲ್ಲೇ ಇತ್ತು, ಆಗಾಗ ಹೋಗಿಬರುತ್ತಿದ್ದ. ಅಪ್ಪನನ್ನು ಕಳೆದುಕೊಂಡು ದೂರದ ಡೆವನ್‌ನಿಂದ ಬಂದಿದ್ದ ಕೋಲರಿಜ್‌ಗೆ ಆ ಊರಲ್ಲಿ ಅಂಥ ಮನೆ ಇರಲಿಲ್ಲ. ಗೋಡೆಗಳ ನಡುವೆ ಬೆಳೆದ ತನಗೆ ಚೆಂದ ಕಂಡದ್ದು ಆಕಾಶ, ನಕ್ಷತ್ರ ಮಾತ್ರ ಅಂತ ಮುಂದೆ ಬರೆದುಕೊಂಡ. ಈಗಿನ ಮಕ್ಕಳಿಗೆ ಸುತ್ತಲೂ ಸುಮಾರು 1,200 ಎಕರೆ ಹಸಿರಿದೆ. ಅದನ್ನು ನೋಡುವಾಗ ಆ ಹುಡುಗನ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಬ್ಯಾಂಡ್ ಶುರುವಾಯಿತು. ಹಾಸ್ಟೆಲ್‌ಗಳನ್ನು ಇಲ್ಲಿ ಹೌಸ್ ಅಂತಾರೆ, ಕೆಲವಕ್ಕೆ ಹಳೆಯ ವಿದ್ಯಾರ್ಥಿಗಳದ್ದೇ ಹೆಸರು. ಒಂದೊಂದು ಹೌಸಿನವರೂ ಸಾಲುಗಟ್ಟಿ, ಡ್ರಮ್ಮಿನ ತಾಳಕ್ಕೆ ಹೆಜ್ಜೆ ಹಾಕುತ್ತಾ ಅಂಗಳ ದಾಟಿ ಊಟದ ಮನೆಗೆ ಹೋದರು. ಶಾಲೆಯಲ್ಲಿ ಸುಮಾರು 900 ಮಕ್ಕಳು. ಹೊಸದಾಗಿ ಸೇರಿದ ಒಬ್ಬ ಪುಟ್ಟ ಹುಡುಗ ಪಕ್ಕದವನ ಕಾಲು ನೋಡಿ ನೋಡಿ ತನ್ನ ಹೆಜ್ಜೆ ಸರಿಮಾಡಿಕೊಳ್ಳುತ್ತಿದ್ದ. ಹುಡುಗಿಯರೂ ಮೊದಲಿನಿಂದಲೇ ಈ ಶಾಲೆಯವರು, ಆದರೆ ಬಹುಕಾಲ ಹರ್ಟ್‌ಫರ್ಡ್‌ನಲ್ಲಿ ಬೇರೆ ಇದ್ದರು. 1985ರಲ್ಲಿ ಇಲ್ಲಿಗೆ ಬಂದರು.

ಊಟದ ಮನೆಯ ಒಂದು ಗೋಡೆಯುದ್ದಕ್ಕೂ ವೆರ್ರಿಯೋ ಬರೆದ ಚಿತ್ರ. ಉದ್ದ 86 ಅಡಿ! 1673ರಲ್ಲಿ ಎರಡನೇ ಚಾರ್ಲ್ಸ್ ಹಡಗು ನಡೆಸುವ ಲೆಕ್ಕ ಕಲಿಸಲು ಇಲ್ಲೊಂದು ಗಣಿತ ಶಾಲೆ ತೆರೆದ, ಅದರ ನೆನಪಿಗೆ ಬರೆಸಿದ್ದು. ಚರ್ಚಿನಲ್ಲಿ ಫ್ರಾಂಕ್ ಬ್ರಾಂಗ್ವಿನ್‌ನ 16 ದೊಡ್ಡ ಚಿತ್ರಗಳಿವೆ. ಕ್ರೈಸ್ತ ಧರ್ಮ ಊರೂರು ಹಬ್ಬಿದ ಕಥೆ ಅದು. ಬೆಂಚುಗಳು ಎದುರುಬದುರಾಗಿರುವುದರಿಂದ ಪ್ರಾರ್ಥನೆಗೆ ಕೂತ ಮಕ್ಕಳಿಗೆ ಚಿತ್ರವೂ ಕಾಣುತ್ತದೆ, ಒಬ್ಬರಿಗೊಬ್ಬರ ಮುಖವೂ ಕಾಣುತ್ತದೆ.

ಶಾಲೆ ಬಿಡುವಾಗ ಪ್ರತಿಯೊಬ್ಬರಿಗೂ ಒಂದು ಬೈಬಲ್ ಕೊಡುತ್ತಾರೆ. ಜೊತೆಗೆ ಒಂದು ಮಾತೂ ಹೇಳುತ್ತಾರೆ: ಇಲ್ಲಿ ಪಡೆದದ್ದನ್ನು ಮರೆಯಬೇಡ, ನಿನ್ನ ಕೈಲಾದಷ್ಟು ಇನ್ನೊಬ್ಬರಿಗೂ ಸಿಗುವಂತೆ ಮಾಡು. ಇದು ಸುಮ್ನೆ ಬಾಯಿಮಾತಲ್ಲ. ಎಂಜಿನಿಯರ್ ಬಾರ್ನ್ಸ್ ವಾಲಿಸ್ ಇಲ್ಲಿ ಓದಿದವರು. 1943ರಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆದ, ನೀರಿನ ಮೇಲೆ ಪುಟಿಯುತ್ತಾ ಸಾಗುವ ಬಾಂಬು ಅವರದು. ಆ ದಾಳಿಗೆ ಹೋದ ವಿಮಾನಗಳ ಸಿಬ್ಬಂದಿಯಲ್ಲಿ 53 ಜನ ಸತ್ತರು. ಆ ನೋವು ಅವರನ್ನು ಬಿಡಲಿಲ್ಲ. ಯುದ್ಧದ ಕೆಲಸಕ್ಕೆ ಸರ್ಕಾರ ಕೊಟ್ಟ 10,000 ಪೌಂಡ್ ಬಹುಮಾನವನ್ನು ಪೂರ್ತಿ ಶಾಲೆಗೇ ಕೊಟ್ಟುಬಿಟ್ಟರು, ಮಡಿದ ವಾಯುಪಡೆಯವರ ಮಕ್ಕಳು ಓದಲಿ ಅಂತ.

ಹೋಗುವವರು ರಜೆಯ ದಿನ ಬಿಟ್ಟು, ಮೊದಲೇ ವಿಚಾರಿಸಿ ಹೋಗಿ. ಊಟದ ಮೆರವಣಿಗೆ ತಪ್ಪಿಸಿಕೊಳ್ಳಬೇಡಿ. ಅಷ್ಟು ದೂರ ಆಗದಿದ್ದರೆ, ಸೆಪ್ಟೆಂಬರಿನಲ್ಲಿ ಸೇಂಟ್ ಮ್ಯಾಥ್ಯೂ ದಿನದ ಆಸುಪಾಸಿನಲ್ಲಿ ಲಂಡನ್ನಿನ ಹಳೆಯ ಭಾಗವಾದ ಸಿಟಿಗೆ ಹೋಗಿ. ಅಂದು ಈ ಮಕ್ಕಳು ಬ್ಯಾಂಡ್ ಸಮೇತ ಅಲ್ಲಿನ ಬೀದಿಗಳಲ್ಲಿ ನಡೆದು ಲಾರ್ಡ್ ಮೇಯರ್ ಇರುವ ಮ್ಯಾನ್ಷನ್ ಹೌಸ್‌ಗೆ ಬರುತ್ತಾರೆ. ಅಲ್ಲಿ ಮಕ್ಕಳಿಗೆ ಲಾರ್ಡ್ ಮೇಯರ್ ಹೊಸ ನಾಣ್ಯ ಹಂಚುತ್ತಾರೆ.